ನಾರ್ದರ್ನ್ ಲೈಟ್ಸ್ ನೋಡೋಕೆ ಹೋಗೋರು ತುಮಕೂರಲ್ಲೇ ಮಾಡ್ಕೋಬೇಕಾದ ತಯಾರಿ

ದೇವರಾಯನದುರ್ಗದ ಮೇಲೆ ಹಸಿರು ಬೆಳಕು ಕಂಡಿದೆ ಅಂತ ವಾಟ್ಸಾಪಲ್ಲಿ ಫೋಟೋ ಬಂದ್ರೆ ಮುಂದಕ್ಕೆ ಕಳಿಸ್ಬೇಡಿ, ಅದು ಸುಳ್ಳು. ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ, ಭೂಮಿಯ ಕಾಂತೀಯ ಸಮಭಾಜಕ ರೇಖೆ ತಿರುನೆಲ್ವೇಲಿ ಹತ್ರ ಹಾದು ಹೋಗುತ್ತೆ, ಅರೋರಾ (ನಾರ್ದರ್ನ್ ಲೈಟ್ಸ್ ಥರದ ಬೆಳಕಿಗೆ ಇರೋ ಹೆಸರು, ಸೂರ್ಯನಿಂದ ಬರೋ ಕಣಗಳು ಮೇಲಿನ ಗಾಳಿಗೆ ಬಡಿದು ಆಕಾಶದಲ್ಲಿ ಮೂಡೋದು) ಬರೋದೇನಿದ್ರೂ ಕಾಂತೀಯ ಧ್ರುವಗಳ ಸುತ್ತ ಇರೋ ಪಟ್ಟೀಲಿ. ಅಂದ್ರೆ ನಾರ್ವೆಯ ಟ್ರಾಮ್ಸೊ, ಐಸ್‌ಲ್ಯಾಂಡ್, ಫಿನ್‌ಲ್ಯಾಂಡಿನ ಲ್ಯಾಪ್‌ಲ್ಯಾಂಡ್ ಇಂಥ ಕಡೆ ಹೋಗ್ಬೇಕು, ದಕ್ಷಿಣದ್ದು ನೋಡ್ಬೇಕಂದ್ರೆ ಟಾಸ್ಮೇನಿಯಾ ಅಥವಾ ನ್ಯೂಜಿಲೆಂಡಿನ ದಕ್ಷಿಣ ತುದಿ. ಆದ್ರೆ ತಯಾರಿ ಪೂರ್ತಿ ಮನೇಲೇ ಆಗುತ್ತೆ, ಅಲ್ಲಿ ಹೋಗಿ ಚಳೀಲಿ ಕ್ಯಾಮೆರಾ ಬಟನ್ ಹುಡುಕ್ತಾ ನಿಂತ್ರೆ ಅಷ್ಟರಲ್ಲಿ ಬೆಳಕು ಮುಗಿದೇ ಹೋಗಿರುತ್ತೆ.

ಟಿಕೆಟ್ ಬುಕ್ ಮಾಡೋ ಮುಂಚೆ ತಿಂಗಳು ನೋಡಿ. ಮಕ್ಕಳ ಬೇಸಿಗೆ ರಜ ದಂಡ, ಟ್ರಾಮ್ಸೊದಲ್ಲಿ ಮೇ ಮಧ್ಯದಿಂದ ಜುಲೈ ಕೊನೆವರೆಗೂ ಸೂರ್ಯ ಮುಳುಗೋದೇ ಇಲ್ಲ, ಏಪ್ರಿಲ್ ಕೊನೆ ಹೊತ್ತಿಗೇ ಕತ್ತಲೆ ಸಿಗಲ್ಲ. ದಸರಾ ರಜ ಒಳ್ಳೇದು, ಸೆಪ್ಟೆಂಬರ್ ಮತ್ತು ಮಾರ್ಚಲ್ಲಿ ಹಗಲು ರಾತ್ರಿ ಸಮ ಇರೋ ದಿನಗಳ ಆಸುಪಾಸಲ್ಲಿ ಕಾಂತೀಯ ಚಟುವಟಿಕೆ ಜಾಸ್ತಿ ಇರುತ್ತೆ, ಚಳೀನೂ ಜನವರಿಯಷ್ಟು ಕೆಟ್ಟದಾಗಿರಲ್ಲ. ಒಂದೇ ರಾತ್ರಿಗೆ ಹೋಗ್ಬೇಡಿ, ಮೋಡ ಬಂದ್ರೆ ದುಡ್ಡು ಹೋಯ್ತು ಅಷ್ಟೇ.

ಆಮೇಲೆ ನಂಬರ್ ಓದೋದು ಕಲೀರಿ, ನನ್ನ ಪ್ರಕಾರ ಇದೇ ಮುಖ್ಯ. ಅಮೆರಿಕದ ನೋವಾ ಸಂಸ್ಥೆಯ ಸ್ಪೇಸ್ ವೆದರ್ ವೆಬ್‌ಸೈಟ್ ಫ್ರೀ ಇದೆ. ಎಲ್ರೂ ಕೆಪಿ ಅಂತ, ಭೂಮಿಯ ಕಾಂತೀಯ ಚಟುವಟಿಕೆ ಎಷ್ಟಿದೆ ಅಂತ ಹೇಳೋ 0ಯಿಂದ 9ರವರೆಗಿನ ನಂಬರ್ ಒಂದೇ ನೋಡ್ತಾರೆ, ಅದು 3 ಗಂಟೆಗೊಂದು ಸಲದ ಲೆಕ್ಕ, ಈಗ ಹೊರಗೆ ಹೋಗ್ಲಾ ಬೇಡ್ವಾ ಅನ್ನೋದಕ್ಕೆ ಬಿಜೆಡ್ ನೋಡಿ. ಸೌರಮಾರುತ, ಅಂದ್ರೆ ಸೂರ್ಯನಿಂದ ಬರೋ ಕಣಗಳ ಹರಿವು, ಹೊತ್ತು ತರೋ ಕಾಂತಕ್ಷೇತ್ರ ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಅಂತ ಹೇಳೋ ನಂಬರ್ ಅದು, ದಕ್ಷಿಣಕ್ಕಿದ್ರೆ ಮೈನಸ್. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯನ ಕಡೆ ನಿಂತಿರೋ ಉಪಗ್ರಹಗಳು ಅದನ್ನ ಅಳೀತವೆ, ಅಲ್ಲಿಂದ ಸೌರಮಾರುತ ಇಲ್ಲಿಗೆ ಬರೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಬಿಜೆಡ್ ಮೈನಸ್ಸಿಗೆ ಇಳಿದು ಅಲ್ಲೇ ನಿಂತ್ರೆ ಜಾಕೆಟ್ ಹಾಕ್ಕೊಂಡು ಹೊರಡಿ. ಹೋಗೋ ಒಂದು ತಿಂಗಳ ಮುಂಚಿನಿಂದ ದಿನಾ ನೋಡ್ತಿದ್ರೆ ಅಭ್ಯಾಸ ಆಗುತ್ತೆ. (ಸೂರ್ಯನ ಹೊರ ವಾತಾವರಣವಾದ ಕರೋನಾವನ್ನ ರೇಡಿಯೋ ಅಲೆಗಳಲ್ಲಿ ನೋಡೋ ವೀಕ್ಷಣಾಲಯ ನಮ್ಮ ಪಕ್ಕದ ಗೌರಿಬಿದನೂರಲ್ಲೇ ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.)

ಕ್ಯಾಮೆರಾ ಅಭ್ಯಾಸಕ್ಕೆ ಅಮಾವಾಸ್ಯೆ ಆಸುಪಾಸಿನ ರಾತ್ರಿ ಶಿರಾ, ಪಾವಗಡ ಕಡೆ ಯಾರದ್ದಾದ್ರೂ ಪರಿಚಯದವರ ತೋಟಕ್ಕೆ ಹೋಗಿ. ಟ್ರೈಪಾಡ್, ವೈಡ್ ಲೆನ್ಸ್, ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ಕಿಂಡಿ) 2.8, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ರಿಂದ 3200, ಶಟರ್ (ಬೆಳಕು ಒಳಗೆ ಬಿಡೋ ಸಮಯ) 5ರಿಂದ 15 ಸೆಕೆಂಡ್. ಆಟೋಫೋಕಸ್ ಆಫ್ ಮಾಡಿ, ಸ್ಕ್ರೀನಲ್ಲಿ ಒಂದು ಹೊಳೆಯೋ ನಕ್ಷತ್ರವನ್ನ ಝೂಮ್ ಮಾಡಿ ಚುಕ್ಕಿ ಆಗೋವರೆಗೂ ಫೋಕಸ್ ತಿರುಗಿಸಿ. ಇದನ್ನ ಟಾರ್ಚ್ ಇಲ್ದೆ, ದಪ್ಪ ಗ್ಲೌಸ್ ಹಾಕ್ಕೊಂಡು ಮಾಡೋಕೆ ಬಂದ್ರೆ ಮಾತ್ರ ರೆಡಿ ಅಂತ ಅರ್ಥ. ಫೋನಾದ್ರೆ ನೈಟ್ ಮೋಡ್, ಟೈಮರ್, ಅದಕ್ಕೂ ಟ್ರೈಪಾಡ್ ಬೇಕೇ ಬೇಕು.

ಅಲ್ಲಿ ಮೊದಲು ಕಾಣೋದು ಬೂದು ಮೋಡದ ಥರ ಇರ್ಬಹುದು, ಬೇಜಾರಾಗ್ಬೇಡಿ, ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗಲ್ಲ, ಒಂದು ಫೋಟೋ ತೆಗೀರಿ, ಹಸಿರು ಬಂದ್ರೆ ಅರೋರಾನೇ. ಆ ಹಸಿರು ಸುಮಾರು 100ರಿಂದ 150 ಕಿಲೋಮೀಟರ್ ಎತ್ತರದ ಆಕ್ಸಿಜನ್‌ದು, 200ರ ಮೇಲೆ ಅದೇ ಆಕ್ಸಿಜನ್ ಕೆಂಪಾಗುತ್ತೆ.

ವೀಸಾ ಖರ್ಚು ಬೇಡ, ಲಡಾಖಿನ ಹಾನ್ಲೆಗೇ ಹೋಗ್ತೀನಿ ಅನ್ನೋರಿಗೆ: 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳೀಲಿ ಅಲ್ಲಿನ ಕ್ಯಾಮೆರಾಗಳಿಗೆ ಕೆಂಪು ಬೆಳಕು ಸಿಕ್ತು ನಿಜ, ಆದ್ರೆ ಅಂಥದ್ದು ಅಪರೂಪ, ಪ್ಲಾನ್ ಮಾಡಿ ನೋಡೋಕಾಗಲ್ಲ. ನಕ್ಷತ್ರ ನೋಡೋಕೆ ಹೋಗಿ, ಕೆಂಪು ಸಿಕ್ರೆ ಬೋನಸ್.

ಎಲ್ಲಿಗೇ ಹೋದ್ರೂ ಎಕ್ಸ್‌ಟ್ರಾ ಬ್ಯಾಟರಿ ಒಳಗಿನ ಜೇಬಲ್ಲಿ ಬೆಚ್ಚಗಿಡಿ, ವಾಪಸ್ ರೂಮಿಗೆ ಬರೋ ಮುಂಚೆ ಹೊರಗೇ ಕ್ಯಾಮೆರಾನ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ, ಇಲ್ಲಾಂದ್ರೆ ಲೆನ್ಸ್ ತುಂಬಾ ನೀರಾಡುತ್ತೆ.