ಶಿಬಿರ ಮುಗಿಸಿ ನಡುಗಡ್ಡೆಗೆ: ಕಲಾವಿದರು ಕೈ ಕಚ್ಚದಂತೆ ಕಾರವಾರ ಸುತ್ತುವುದು ಹೇಗೆ?

ಕಲಾ ಶಿಬಿರದಲ್ಲಿ ಕಲಿಸುವವರ ಕೈಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಂಚ ಇರುತ್ತದೆ. ಆದರೆ ಶಿಬಿರ ಮುಗಿಯುವಾಗ ತನ್ನದು ಎನ್ನುವ ಒಂದು ಚಿತ್ರವೂ ಇರುವುದಿಲ್ಲ. ಒಬ್ಬರಿಗೆ ಆಕಾಶಕ್ಕೆ ಬಣ್ಣ ಹರಿಸುವುದನ್ನು ತೋರಿಸಬೇಕು, ಇನ್ನೊಬ್ಬರ ಕೆಸರಾದ ಹಸಿರನ್ನು ಸರಿಮಾಡಬೇಕು, ಮತ್ತೊಬ್ಬರಿಗೆ ಧೈರ್ಯ ಹೇಳಬೇಕು. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಮನೆಗಳಲ್ಲಿ ನಡೆಯುವ ವಸತಿ ಶಿಬಿರಗಳೆಂದರೆ ಕಲಿಯುವವರಿಗೆ ಹಬ್ಬ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ (ಕೆಮ್ಮಣ್ಣಿನ ಬಣ್ಣದ) ಚಿತ್ರಗಳನ್ನು ನೋಡಿಕೊಂಡು ಬರಬಹುದು. ದೀವರ ಸಮುದಾಯದ ಹಸೆ ಚಿತ್ತಾರವನ್ನು ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಅಕ್ಕಿ ಹಿಟ್ಟಿನಿಂದ, ಪುಂಡಿ ನಾರಿನ ಕುಂಚದಲ್ಲಿ ಎಳೆದು ನೋಡಬಹುದು. ಕಲಿಸಿದವರಿಗೆ ಅದಾದ ಮೇಲೆ ಬೇಕಾಗುವುದು ಯಾರೂ ಏನನ್ನೂ ಕೇಳದ ಎರಡು ಮೂರು ದಿನ.

ಆ ದಿನಗಳನ್ನು ಕಾರವಾರದ ಎದುರಿನ ನಡುಗಡ್ಡೆಗಳಿಗೆ ಕೊಡಿ ಎನ್ನುವುದು ನನ್ನ ಸಲಹೆ. ತೋಟದ ನಡುವೆ ವಾರಗಟ್ಟಲೆ ಹತ್ತಿರದ್ದನ್ನೇ ನೋಡಿದ ಕಣ್ಣಿಗೆ ದೂರ ಬೇಕು. ಘಟ್ಟ ಇಳಿದರೆ ಸಾಕು, ಅದು ಸಿಗುತ್ತದೆ. ಖರ್ಚನ್ನು ಗೌರವಧನದ ಕಾಲು ಪಾಲಿನೊಳಗೆ ಹಿಡಿದಿಡುವುದೂ ಸಾಧ್ಯ, ಆದರೆ ತಯಾರಿ ಶಿಬಿರಕ್ಕೆ ಮೊದಲೇ ಶುರುವಾಗಬೇಕು.

ಮೊದಲು ವಾಪಸ್ ಟಿಕೆಟ್ ಮಾತಾಡಿ

ಉಳಿತಾಯ ಹೆಚ್ಚು ಆಗುವುದು ಇಲ್ಲೇ. ಹೊರಗಿನಿಂದ ಬಂದು ಕಲಿಸುವವರಿಗೆ ಸಂಘಟಕರು ಸಾಮಾನ್ಯವಾಗಿ ಹೋಗಿ ಬರುವ ಖರ್ಚು ಕೊಡುತ್ತಾರೆ. ಬೆಂಗಳೂರಿನವರಾದರೆ ವಾಪಸ್ ಟಿಕೆಟನ್ನು ಶಿರಸಿಯಿಂದ ಬೇಡ, ಎರಡು ಮೂರು ದಿನ ಬಿಟ್ಟು ಕಾರವಾರದಿಂದ ಮಾಡಿಸಿ ಎಂದು ಒಪ್ಪಿಕೊಳ್ಳುವಾಗಲೇ ಕೇಳಿ. ಕಾರವಾರದಿಂದ ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದರೆ ಬೆಳಗ್ಗೆ ಊರು. ಸ್ಲೀಪರ್ ಟಿಕೆಟ್ ಶಿರಸಿಯ ಖಾಸಗಿ ಸ್ಲೀಪರ್ ಬಸ್ಸಿಗಿಂತ ಅಗ್ಗ, ಆದ್ದರಿಂದ ಸಂಘಟಕರೂ ಬೇಡ ಎನ್ನುವುದಿಲ್ಲ. ಮನೆಗೆ ಹೋಗುವ ಖರ್ಚು ಹೀಗೆ ನಿಮ್ಮ ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ಗೌರವಧನ ಯಾವತ್ತು ಕೈಗೆ ಬರುತ್ತದೆ ಎಂಬುದನ್ನೂ ಆಗಲೇ ಕೇಳಿ. ಶಿಬಿರ ಮುಗಿದ ದಿನವೇ ಕೊಡುವವರಿದ್ದಾರೆ, ತಿಂಗಳು ಕಳೆದು ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಮುರಿದುಕೊಂಡು ಬ್ಯಾಂಕಿಗೆ ಹಾಕುವವರೂ ಇದ್ದಾರೆ. ಎರಡನೆಯ ಥರದವರಾದರೆ ಪ್ರವಾಸದ ಹಣವನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಕಾಲ ನೋಡಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ನಡೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ನೆರಳಿಲ್ಲದ ಬಂಡೆಯ ಮೇಲೆ ಕೂರಲಾಗದು. ಮಳೆಗಾಲದಲ್ಲಿ ನಡುಗಡ್ಡೆಯ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಕಡಲು ಬಲ್ಲವರೇ ದೋಣಿ ಕಟ್ಟಿಟ್ಟಿರುವಾಗ ನಾವು ಕೇಳುವುದೂ ತಪ್ಪು.

ಯಾವ ನಡುಗಡ್ಡೆ?

ಕಾರವಾರದ ದಡದಲ್ಲಿ ನಿಂತರೆ ಹಲವು ನಡುಗಡ್ಡೆಗಳು ಕಾಣುತ್ತವೆ. ಎಲ್ಲವೂ ನಮಗೆ ತೆರೆದಿಲ್ಲ. ಅಂಜುದೀವ ನೌಕಾಪಡೆಯ ವಶದಲ್ಲಿದೆ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಪೋರ್ಚುಗೀಸರಿಂದ ಅದನ್ನು ಬಿಡಿಸಿಕೊಂಡದ್ದು. ಅಲ್ಲಿಗೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ದೇವಗಡದ ಮೇಲೆ ಹತ್ತೊಂಬತ್ತನೇ ಶತಮಾನದ ದೀಪಸ್ತಂಭವಿದೆ. ದೋಣಿಯಿಂದ ಅದರ ಸುತ್ತು ಹಾಕುವುದೇ ಚಿತ್ರಕಾರರಿಗೆ ಸಾಕಷ್ಟು ಕೆಲಸ ಕೊಡುತ್ತದೆ. ಬಿಳಿ ಕಂಬ, ಕಪ್ಪು ಬಂಡೆ, ನಡುವೆ ಒಣ ಹುಲ್ಲಿನ ಒಂದು ಪಟ್ಟಿ.

ಇಳಿದು ಕೂತು ಬರೆಯಲು ನಾನು ಹೇಳುವುದು ಕೂರ್ಮಗಡ. ಆಮೆಯ ಬೆನ್ನಿನ ಆಕಾರ, ಮೇಲೆ ನರಸಿಂಹ ದೇವಸ್ಥಾನ, ದಡದಿಂದ ಕೆಲವೇ ಕಿಲೋಮೀಟರ್. ಪುಷ್ಯ ಹುಣ್ಣಿಮೆಯ ಜಾತ್ರೆಗೆ ಸುತ್ತಲಿನ ಊರುಗಳ ಜನ ದೋಣಿಗಳಲ್ಲಿ ಹೋಗುತ್ತಾರೆ. ಜಾತ್ರೆ ಬಿಟ್ಟು ಬೇರೆ ದಿನ ಹೋದರೆ ಮರದ ನೆರಳು, ಬಂಡೆ, ಪೂರ್ವಕ್ಕೆ ಸಹ್ಯಾದ್ರಿಯ ಸಾಲು ಎಲ್ಲವೂ ನಿಮ್ಮದೇ. ನೀರಿನ ಆಚೆಯಿಂದ ಘಟ್ಟವನ್ನು ನೋಡುವುದು ಈ ಪ್ರವಾಸದ ದೊಡ್ಡ ಲಾಭ. ಶಿಬಿರದಲ್ಲಿ ಒಳಗಿನಿಂದ ಕಂಡ ಕಾಡು ಅಲ್ಲಿ ನೀಲಿಯ ಮೂರು ನಾಲ್ಕು ಪದರಗಳಾಗಿ ಕಾಣುತ್ತದೆ, ಹಿಂದಿನದಕ್ಕಿಂತ ಮುಂದಿನದು ಒಂದು ಪಟ್ಟು ಗಾಢ.

ಹೊನ್ನಾವರದ ಎದುರಿನ ಬಸವರಾಜದುರ್ಗವೂ ಒಳ್ಳೆಯದೇ. ಕೆಳದಿ ಅರಸರ ಕಾಲದ ಕೋಟೆಗೋಡೆ, ಕೆಂಪು ಜಂಬಿಟ್ಟಿಗೆ. ಶಿರಸಿಯಿಂದ ಬರುವವರಿಗೆ ಅದು ಕಾರವಾರಕ್ಕಿಂತ ಹತ್ತಿರ ಕೂಡ. ಮೇಲೆ ನೆರಳು ಕಡಿಮೆಯಾದ್ದರಿಂದ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ. ನೇತ್ರಾಣಿಯನ್ನು ಈ ಪಟ್ಟಿಯಿಂದ ಬಿಟ್ಟಿದ್ದೇನೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಒಳಗೆ, ಹೋಗುವವರು ಹೆಚ್ಚಾಗಿ ಸ್ಕೂಬಾ ಡೈವಿಂಗ್‌ಗೆಂದು ಹೋಗುವುದು. ಖರ್ಚೂ ಆ ಮಟ್ಟದ್ದೇ.

ಘಟ್ಟ ಇಳಿಯುವುದು

ಶಿರಸಿಯಿಂದ ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಸುಮಾರು 60 ಕಿ.ಮೀ., ಅಲ್ಲಿಂದ ಹೆದ್ದಾರಿಯಲ್ಲಿ ಅಂಕೋಲಾ ದಾಟಿ ಕಾರವಾರ. ಸರ್ಕಾರಿ ಬಸ್ಸೇ ಸಾಕು. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಗುರುತಿನ ಚೀಟಿ ಬಣ್ಣದ ಪೆಟ್ಟಿಗೆಯ ತಳ ಸೇರದೆ ಕೈಗೆ ಸಿಗುವಂತಿರಲಿ. ದೇವಿಮನೆ ರಸ್ತೆ ಬಂದ್ ಇದ್ದರೆ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರಬಹುದು, ದಾರಿ ಸ್ವಲ್ಪ ಸುತ್ತು. ಘಟ್ಟದ ತಿರುವುಗಳಿಗೆ ತಲೆ ತಿರುಗುವವರು ಮುಂದಿನ ಸೀಟು ಹಿಡಿಯಿರಿ.

ಕುಮಟಾದಲ್ಲಿ ಬಸ್ ಬದಲಿಸುವಾಗ ಬನ್ಸ್, ಚಹಾ ಮುಗಿಸಿಕೊಂಡರೆ ಮಧ್ಯಾಹ್ನದವರೆಗೆ ಹೊಟ್ಟೆಯ ಚಿಂತೆ ಇರದು.

ವಸತಿ ದಡದಲ್ಲಿ, ಊಟ ಖಾನಾವಳಿಯಲ್ಲಿ

ರಾತ್ರಿ ನಡುಗಡ್ಡೆಯಲ್ಲೇ ಉಳಿಯಬೇಕೆಂಬ ಆಸೆ ಬಿಟ್ಟರೆ ಖರ್ಚು ಅರ್ಧ ಇಳಿಯುತ್ತದೆ. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಸಾದಾ ಲಾಡ್ಜ್ ಸಾಕು. ಕೋಣೆ ನೋಡುವಾಗ ಹಾಸಿಗೆಗಿಂತ ಮೊದಲು ಫ್ಯಾನ್ ನೋಡಿ, ಒದ್ದೆ ಚಿತ್ರಗಳು ರಾತ್ರಿ ಒಣಗಬೇಕಾದ್ದು ಅದರ ಕೆಳಗೆ. ಮಧ್ಯಾಹ್ನ ಮೀನೂಟ ಮಾಡಿ. ಅನ್ನ, ಬಂಗುಡೆ ಸಾರು, ಹುರಿದ ತುಂಡು, ಸೋಲ್‌ಕಡಿ ಅಷ್ಟೇ. ಇಸ್ವಾಣ (ಅಂಜಲ್ ಮೀನು) ಕೇಳಿದರೆ ಬಿಲ್ ಏರುತ್ತದೆ, ಬಂಗುಡೆ, ತಾರ್ಲೆಯಲ್ಲಿ (ಬೂತಾಯಿ) ರುಚಿಗೆ ಕೊರತೆಯಿಲ್ಲ. ಸಸ್ಯಾಹಾರಿಗಳಿಗೂ ಊಟದ ಮನೆಗಳಿವೆ.

ಮೊದಲ ಸಂಜೆ ದೋಣಿ ಬೇಡ. ಕಾಳಿ ಸೇತುವೆಯ ಆಚೆಗಿರುವ ಸದಾಶಿವಗಡದ ಗುಡ್ಡ ಹತ್ತಿ. ನದಿ ಕಡಲು ಸೇರುವ ಜಾಗ, ನಡುಗಡ್ಡೆಗಳು, ಊರು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಚೌಕಗಳನ್ನು ಹಾಕಿ ನಾಳೆ ಯಾವ ದಿಕ್ಕಿನಿಂದ ನೋಡಬೇಕೆಂದು ಗುರುತಿಸಿಕೊಳ್ಳಿ. ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದ ರವೀಂದ್ರನಾಥ ಟ್ಯಾಗೋರರು ಬೆಳದಿಂಗಳಲ್ಲಿ ದೋಣಿ ಹತ್ತಿ ಹೋದದ್ದು ಇದೇ ಕಾಳಿಯಲ್ಲಿ. ಊರಿನ ಕಡಲತೀರಕ್ಕೆ ಅವರದೇ ಹೆಸರು.

ದೋಣಿ ಗೊತ್ತು ಮಾಡುವಾಗ

ಬಾಡಿಗೆಯನ್ನು ಹೆಚ್ಚಾಗಿ ತಲೆಗೆ ಇಷ್ಟು ಎಂದಲ್ಲ, ದೋಣಿಗೆ ಇಷ್ಟು ಎಂದು ಹೇಳುತ್ತಾರೆ. ಉಳಿತಾಯದ ಗುಟ್ಟು ಜೊತೆ ಹುಡುಕುವುದರಲ್ಲಿದೆ. ಲೆಕ್ಕಕ್ಕೆ ದೋಣಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಒಬ್ಬರೇ ಹೋದರೆ ಅಷ್ಟೂ ನಿಮ್ಮದೇ, ಆರು ಜನ ಸೇರಿದರೆ ತಲೆಗೆ 500. ಶಿಬಿರದ ಕೊನೆಯ ಊಟದ ಹೊತ್ತಿಗೆ ‘ಕಾರವಾರಕ್ಕೆ ಯಾರು ಬರುತ್ತೀರಿ’ ಎಂದು ಒಂದು ಮಾತು ಕೇಳಿ. ಬರುವವರಿಗೆ ಒಂದು ಷರತ್ತು ಹಾಕಿ: ನಡುಗಡ್ಡೆಯಲ್ಲಿ ಪಾಠ ಇಲ್ಲ, ಅವರವರ ಬಂಡೆ ಅವರವರಿಗೆ. ಇದನ್ನು ಮುಲಾಜಿಲ್ಲದೆ ಹೇಳಬೇಕು. ಇಲ್ಲವಾದರೆ ಶಿಬಿರ ಮತ್ತೊಂದು ದಿನ ಮುಂದುವರಿಯುತ್ತದೆ, ಅದೂ ನಿಮ್ಮ ಖರ್ಚಿನಲ್ಲಿ.

ಹಿಂದಿನ ಸಂಜೆಯೇ ಕೋಡಿಬಾಗ, ಬೈತಖೋಲ, ಟ್ಯಾಗೋರ್ ಕಡಲತೀರದ ಕಡೆ ಎರಡು ಮೂರು ಕಡೆ ವಿಚಾರಿಸಿ. ನಡುಗಡ್ಡೆಯಲ್ಲಿ ಇಳಿಯಲು ಅವಕಾಶ ಇದೆಯೇ, ಎಷ್ಟು ಹೊತ್ತು ಇರಬಹುದು, ದೋಣಿ ಅಲ್ಲೇ ಕಾಯುತ್ತದೆಯೇ ಅಥವಾ ಹೋಗಿ ಬರುತ್ತದೆಯೇ, ಕಾಯುವುದಕ್ಕೆ ಬೇರೆ ಹಣವೇ ಎಂಬುದು ಅಲ್ಲೇ ತೀರ್ಮಾನವಾಗಲಿ. ಅಲ್ಪಸ್ವಲ್ಪ ಚೌಕಾಸಿ ಇದ್ದದ್ದೇ. ಸುರಕ್ಷತೆಯಲ್ಲಿ ಮಾತ್ರ ಚೌಕಾಸಿ ಬೇಡ. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಆ ನೋವು ಈ ದಡದಲ್ಲಿ ಇನ್ನೂ ಹಸಿ. ಲೈಫ್ ಜಾಕೆಟ್ ಎಲ್ಲರಿಗೂ ಇರಬೇಕು, ಅದನ್ನು ಹಾಕಿ ಗುಂಡಿ ಬಿಗಿದಿರಬೇಕು. ದೋಣಿ ತುಂಬಿದೆ ಎನಿಸಿದರೆ ಹತ್ತಬೇಡಿ, ಕೊಟ್ಟ ಮುಂಗಡ ಹೋದರೂ ಹೋಗಲಿ.

ಹೊರಡುವುದು ಬೆಳಗ್ಗೆಯೇ. ರಾತ್ರಿಯಿಡೀ ನೆಲದಿಂದ ಕಡಲಿಗೆ ಬೀಸಿದ ಗಾಳಿ ಬೆಳಗ್ಗೆ ನಿಂತು, ಹೊತ್ತು ಏರಿ ನೆಲ ಕಾದಂತೆ ಕಡಲಿನಿಂದ ಗಾಳಿ ಏಳುತ್ತದೆ, ಅದರೊಂದಿಗೆ ಅಲೆಯೂ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ನೀರಿನ ಏರಿಳಿತ ಜಾಸ್ತಿ. ಇಳಿಯುವಾಗ ಮೊಣಕಾಲಿನವರೆಗೆ ನೆನೆಯುವುದು ಖಂಡಿತ ಎಂದುಕೊಂಡೇ ಬಟ್ಟೆ ತೊಡಿ. ದೋಣಿಯವರು ‘ಸಾಕು, ಏಳಿ’ ಎಂದರೆ ಚಿತ್ರ ಅರ್ಧವಿದ್ದರೂ ಏಳಬೇಕು.

ನೌಕಾನೆಲೆಯ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಊರಲ್ಲೇ ಬಿಟ್ಟು ಬನ್ನಿ. ಸ್ಕೆಚ್ ಪುಸ್ತಕಕ್ಕೂ ಅದೇ ನಿಯಮ ಅಂದುಕೊಳ್ಳಿ.

ಚೀಲದಲ್ಲಿ ಏನಿರಬೇಕು, ಬಂಡೆಯ ಮೇಲೆ ಏನಾಗುತ್ತದೆ

ಶಿಬಿರಕ್ಕೆ ಹೊತ್ತು ತಂದ ಸರಂಜಾಮು ಲಾಡ್ಜಿನಲ್ಲಿರಲಿ. ನಡುಗಡ್ಡೆಗೆ ಬೇಕಾದದ್ದು ಇಷ್ಟು: 22×30 ಇಂಚಿನ 300 ಜಿಎಸ್‌ಎಂ ದಪ್ಪ ಜಲವರ್ಣ ಹಾಳೆಯೊಂದನ್ನು ಎಂಟು ತುಂಡು ಮಾಡಿದ್ದು, ತೆಳು ಹಲಗೆ, ನಾಲ್ಕು ಕ್ಲಿಪ್, ಎರಡು ಕುಂಚ, ಹಳೆ ಪಂಚೆಯ ತುಂಡು, ಎರಡು ಬಾಟಲಿ ಸಿಹಿನೀರು, ಟೊಪ್ಪಿ. ಒಂದು ಬಾಟಲಿ ಕುಡಿಯಲು, ಇನ್ನೊಂದು ಬಣ್ಣಕ್ಕೆ. ಕಡಲ ನೀರಿನಲ್ಲೇ ಬಣ್ಣ ಕಲಸುವ ಆಸೆ ಬೇಡ. ಹಾಳೆಯಲ್ಲಿ ಉಳಿದ ಉಪ್ಪು ಮಳೆಗಾಲದಲ್ಲಿ ತೇವ ಹೀರುತ್ತದೆ, ಚಿತ್ರ ಹಾಳಾಗುತ್ತದೆ.

ಬಣ್ಣ ಮೂರು ಸಾಕು: ಅಲ್ಟ್ರಾಮರೀನ್, ಬರ್ನ್ಟ್ ಸಿಯೆನಾ, ಯೆಲ್ಲೋ ಆಕರ್. ಮೊದಲ ಎರಡನ್ನು ಬೆರೆಸಿದರೆ ಒದ್ದೆ ಬಂಡೆಯ ಬೂದು ಬರುತ್ತದೆ. ನೀಲಿ ಹೆಚ್ಚಾದರೆ ನೆರಳಿನ ಬದಿ, ಕಂದು ಹೆಚ್ಚಾದರೆ ಬಿಸಿಲಿನ ಬದಿ. ಮೊದಲ ಹಾಳೆಯಲ್ಲಿ ನೀವು ಗಮನಿಸುವುದು ಬಣ್ಣ ಒಣಗದಿರುವುದನ್ನು. ಕಡಲ ಗಾಳಿಯ ತೇವಕ್ಕೆ ಆಕಾಶದ ನೀಲಿ ಬಹಳ ಹೊತ್ತು ಹೊಳೆಯುತ್ತಲೇ ಇರುತ್ತದೆ, ಅಂಚು ಮೆಲ್ಲಗೆ ಒಳಗೆ ಹರಿದು ದಿಗಂತದ ಗೆರೆ ತಾನೇ ಮಸುಕಾಗುತ್ತದೆ. ಶಿಬಿರದಲ್ಲಿ ಇದನ್ನು ತಪ್ಪು ಎಂದು ತಿದ್ದಿರುತ್ತೀರಿ. ಇಲ್ಲಿ ಬಿಟ್ಟುಬಿಡಿ, ಚಳಿಗಾಲದ ಬೆಳಗಿನ ಕಡಲು ಇರುವುದೇ ಹಾಗೆ. ಒಂದು ಹಾಳೆ ಒಣಗುವವರೆಗೆ ಇನ್ನೊಂದನ್ನು ಶುರುಮಾಡಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಬರೀ ಬಂಡೆ, ಮತ್ತೊಂದರಲ್ಲಿ ಘಟ್ಟದ ಪದರಗಳು. ಯಾರಿಗೂ ವಿವರಿಸಬೇಕಿಲ್ಲದ ಕಾರಣ ಕೈ ಬೇಗ ಬಿಡುವಾಗುತ್ತದೆ. ಇಡೀ ಪ್ರವಾಸ ಇದಕ್ಕಾಗಿ ಎಂದೇ ನನ್ನ ನಂಬಿಕೆ.

ಚಿತ್ರ ಮುಗಿದ ತಕ್ಷಣ ಫೋಟೊ ತೆಗೆದು ಶಿಬಿರದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ‘ಸರ್, ಈ ಬಣ್ಣ ಹೇಗೆ ಬಂತು?’, ‘ಮೇಡಂ, ಯಾವ ಕುಂಚ?’ ಎಂಬ ಪ್ರಶ್ನೆಗಳು ನಡುಗಡ್ಡೆಗೂ ಬಂದು ಮುಟ್ಟುತ್ತವೆ.

ಕಡಲು ಒಪ್ಪದ ದಿನ

ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ. ಆಗ ನದಿಯ ನಡುಗಡ್ಡೆಗಳಿಗೆ, ಅಂದರೆ ಕುರ್ವೆಗಳಿಗೆ ಹೋಗಿ. ಅಘನಾಶಿನಿಯಲ್ಲಿ ಐಗಳಕುರ್ವೆ, ಶರಾವತಿಯಲ್ಲಿ ಮಾವಿನಕುರ್ವೆ. ಜನ ವಾಸವಿರುವ ಊರುಗಳಿವು. ತೆಂಗು, ಗಜನಿ (ಉಪ್ಪುನೀರು ಬರುವ) ಗದ್ದೆ, ಇಳಿತದ ಹೊತ್ತಿಗೆ ಹೊಳೆಯಲ್ಲಿ ಸೊಂಟದವರೆಗೆ ನಿಂತು ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು. ಬರೆಯುವ ಮೊದಲು ಒಂದು ಮಾತು ಕೇಳಿ, ಬರೆದದ್ದನ್ನು ತೋರಿಸಿ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ, ಹಕ್ಕಿಗಳಿಗೂ ಬರವಿಲ್ಲ. ತದಡಿಯಿಂದ ಅಘನಾಶಿನಿ ಊರಿಗೆ ಬಾರ್ಜ್ ಇದೆ, ಅಲ್ಪ ಹಣಕ್ಕೆ ಅಳಿವೆ ದಾಟಿಸುತ್ತದೆ. ಫೆಬ್ರವರಿ ದಾಟಿದ್ದರೆ ಗೋಕರ್ಣದ ದಾರಿಯ ಸಾಣಿಕಟ್ಟಾದಲ್ಲಿ ಇಳಿಯಿರಿ. ಕನ್ನಡಿಯಂಥ ಉಪ್ಪಿನ ಗದ್ದೆಗಳಲ್ಲಿ ಬಿಳಿ ರಾಶಿಗಳು ಬಿದ್ದಿರುತ್ತವೆ. ಬಣ್ಣವನ್ನೇ ಹಚ್ಚದೆ ಕಾಗದದ ಬಿಳಿ ಉಳಿಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿ ನಾನು ಕಾಣೆ.

ಹೊರಡುವ ದಿನ

ರೈಲು ಸಂಜೆಗೆ. ಚೀಲ ಲಾಡ್ಜಿನ ಕೌಂಟರಿನಲ್ಲಿ ಬಿಟ್ಟು ಬೆಳಗಿನ ಹೊತ್ತನ್ನು ಮೀನು ಮಾರುಕಟ್ಟೆಗೆ ಕೊಡಿ. ರೈಲ್ವೆ ನಿಲ್ದಾಣ ಊರ ಹೊರಗೆ ಶಿರವಾಡದಲ್ಲಿದೆ, ಆಟೊಕ್ಕಿಂತ ಬಸ್ ಅಗ್ಗ, ಸ್ವಲ್ಪ ಮೊದಲೇ ಹೊರಡಿ. ಚಿತ್ರಗಳ ನಡುವೆ ಬಟರ್ ಪೇಪರ್ ಇಟ್ಟು, ಎರಡು ರಟ್ಟಿನ ನಡುವೆ ಹಿಡಿದು ಕಟ್ಟಿ. ಪ್ಲಾಸ್ಟಿಕ್ ಬೇಡ, ಒಳಗಿನ ತೇವ ಹೊರಗೆ ಹೋಗದೆ ಹಾಳೆಗಳು ಅಂಟಿಕೊಳ್ಳುತ್ತವೆ. ಮನೆ ತಲುಪಿದ ದಿನವೇ ಕಟ್ಟು ಬಿಚ್ಚಿ ನೆರಳಲ್ಲಿ ಹರವಿ. ಪ್ರಯಾಣದ ಬಿಲ್ ಕೊಡುವ ಕ್ರಮ ಇದ್ದರೆ ಟಿಕೆಟಿನ ಪ್ರತಿಯನ್ನು ಅದೇ ವಾರ ಸಂಘಟಕರಿಗೆ ಕಳುಹಿಸಿ, ಮುಂದಿನ ಶಿಬಿರದ ವಾಪಸ್ ಟಿಕೆಟನ್ನೂ ಕಾರವಾರದಿಂದಲೇ ಬರೆಸಿಕೊಳ್ಳಿ.