ಮಳೆಗಾಲದ ಐಟಿ ದೂರುಗಳಿಗೆ ಕೋಡ್ ಬರೆಯದೆ ಒಂದು ಆ್ಯಪ್

ಮಳೆ ಹಿಡಿಯಿತೆಂದರೆ ಸೋಮವಾರಪೇಟೆ, ಗೋಣಿಕೊಪ್ಪದ ಶಾಖೆಗಳಿಂದ ಮಡಿಕೇರಿಯ ಕಚೇರಿಗೆ ದೂರುಗಳು ಒಟ್ಟೊಟ್ಟಿಗೆ ಬರುತ್ತವೆ: ಯುಪಿಎಸ್ ಕೂಗುತ್ತಿದೆ, ರೂಟರ್ ಸತ್ತಿದೆ. ವಾಟ್ಸಾಪ್‌ಗೆ ಹಾಕಿದ ದೂರು ‘ಗುಡ್ ಮಾರ್ನಿಂಗ್’ಗಳ ಅಡಿ ಹೂತುಹೋಗುತ್ತದೆ. ಇದಕ್ಕೆ, ಶೀಟಿನಿಂದಲೇ ಕೋಡ್ ಇಲ್ಲದೆ ಆ್ಯಪ್ ಕಟ್ಟಿಕೊಡುವ ಗೂಗಲ್‌ನ ಆ್ಯಪ್‌ಶೀಟ್ ಸಾಕು.

ಗೂಗಲ್ ಶೀಟ್‌ನ ಮೊದಲ ಸಾಲಿನಲ್ಲಿ ಏಳು ತಲೆಬರಹ ಬರೆಯಿರಿ: ದೂರು ಐಡಿ, ಸಮಯ, ಶಾಖೆ, ಉಪಕರಣ, ತೊಂದರೆ, ಫೋಟೊ, ಸ್ಥಿತಿ. ಎಕ್ಸ್‌ಟೆನ್ಷನ್ಸ್ ಮೆನುವಿನಿಂದ ಆ್ಯಪ್‌ಶೀಟ್ ತೆರೆದು ಆ್ಯಪ್ ಸೃಷ್ಟಿಸಿ. ಶಾಖೆ, ಉಪಕರಣ, ಸ್ಥಿತಿಗಳನ್ನು ಎನಮ್ (Enum) ಮಾಡಿ, ಅಂದರೆ ಸಿದ್ಧ ಪಟ್ಟಿಯಿಂದ ಆರಿಸುವಂತೆ ಇಡಿ. ಕೈಯಲ್ಲಿ ಟೈಪ್ ಮಾಡಲು ಬಿಟ್ಟರೆ ಒಂದೇ ವಿರಾಜಪೇಟೆಗೆ ನಾಲ್ಕು ಕಾಗುಣಿತ ಬರುತ್ತವೆ, ಆಮೇಲೆ ಎಣಿಕೆ ಕೂಡುವುದಿಲ್ಲ.

ಹೆಚ್ಚಿನವರು ಎಡವುವುದು ಕೀ ಕಾಲಂನಲ್ಲಿ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂನಲ್ಲಿ. ಸಾಲಿನ ಸಂಖ್ಯೆಯನ್ನೇ ಕೀ ಮಾಡಬೇಡಿ. ಮಧ್ಯದ ಸಾಲು ಅಳಿಸಿದರೆ ಕೆಳಗಿನವುಗಳ ಸಂಖ್ಯೆಯೆಲ್ಲ ಬದಲಾಗಿ, ಒಬ್ಬರ ತಿದ್ದುಪಡಿ ಇನ್ನೊಂದು ದೂರಿನ ಮೇಲೆ ಬೀಳಬಹುದು. ದೂರು ಐಡಿಯನ್ನು ಕೀ ಮಾಡಿ, ಅದರ ಇನಿಷಿಯಲ್ ವ್ಯಾಲ್ಯೂನಲ್ಲಿ (ಹೊಸ ಸಾಲಿಗೆ ತಾನಾಗಿ ತುಂಬುವ ಮೌಲ್ಯ) ಪ್ರತಿ ದೂರಿಗೂ ಬೇರೆ ಗುರುತು ಕೊಡುವ ಯುನೀಕ್‌ಐಡಿ, UNIQUEID(), ಫಂಕ್ಷನ್ ಕೊಡಿ. ಸಮಯಕ್ಕೆ ಆ ಕ್ಷಣದ ಸಮಯ ತುಂಬುವ ನೌ, NOW(), ಫಂಕ್ಷನ್.

ಕರೆಂಟ್ ಹೋಗಿ ಟವರೂ ಮಲಗುವ ಊರಿನಲ್ಲಿ ಆಫ್‌ಲೈನ್ ಬಳಕೆ ಬಿಡುವಂತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ, ಸಿಗ್ನಲ್ ಇರುವಾಗ ಪ್ರತಿ ಫೋನಿನಲ್ಲೂ ಆ್ಯಪ್ ಒಮ್ಮೆ ತೆರೆಸಿ. ತುಂಬಿದ ದೂರು ಫೋನಿನಲ್ಲೇ ಕಾದಿದ್ದು ಸಿಂಕ್ ಆದಾಗ ಶೀಟಿಗೆ ಸೇರುತ್ತದೆ. ಫೋಟೊ ಗಾತ್ರ ಚಿಕ್ಕದಿರಲಿ, ಇಲ್ಲದಿದ್ದರೆ ಸಿಂಕ್ ಎಳೆದಾಡುತ್ತದೆ.

ಹೊಸ ಸಾಲು ಸೇರಿದಾಗ ತಂತ್ರಜ್ಞರಿಗೆ ಇಮೇಲ್ ಹೋಗುವಂತೆ ಆಟೊಮೇಷನ್‌ನಲ್ಲಿ ಬಾಟ್ (ತಾನಾಗಿ ನಡೆಯುವ ಕೆಲಸದ ನಿಯಮ) ಹಾಕಿ. ಆ್ಯಪನ್ನು ಡಿಪ್ಲಾಯ್ ಮಾಡುವವರೆಗೆ, ಅಂದರೆ ಬಳಕೆಗೆ ಬಿಡುವವರೆಗೆ, ಆ ಇಮೇಲ್ ಆ್ಯಪ್ ಮಾಡಿದವರಿಗೇ ಬರುತ್ತದೆ. ಬಾಟ್ ಕೆಟ್ಟಿದೆಯೆಂದು ಬಿಚ್ಚಿ ಕೂರಬೇಡಿ.