ಠಾಗೋರ್ ನಾಣ್ಯ ಹುಣಿಸೆಹಣ್ಣಿನಿಂದ ದೂರವಿರಲಿ

ರವೀಂದ್ರನಾಥ ಠಾಗೋರರ 150ನೇ ಜನ್ಮವರ್ಷದ ನೆನಪಿಗೆ ಬಂದ 150 ರೂಪಾಯಿ ಬೆಳ್ಳಿ ನಾಣ್ಯ ನಿಮ್ಮ ಕೈ ಸೇರಿದೆಯಾ? ಹಾಗಾದರೆ ದಯವಿಟ್ಟು ಅದನ್ನು ಉಜ್ಜಬೇಡಿ.

ನಮ್ಮ ಮೈಸೂರಿನಲ್ಲಿ ದಸರಾ ಹತ್ತಿರ ಬಂದರೆ ಮನೆಯ ಬೆಳ್ಳಿ ಸಾಮಾನೆಲ್ಲ ಹೊರಗೆ ಬರುತ್ತದೆ. ಹುಣಿಸೆಹಣ್ಣು, ವಿಭೂತಿ ಹಾಕಿ ಫಳಫಳ ಅನ್ನುವಂತೆ ಉಜ್ಜುತ್ತೇವೆ. ದೀಪಕ್ಕೆ, ಪಂಚಪಾತ್ರೆಗೆ ಅದು ಸರಿ. ನಾಣ್ಯಕ್ಕೆ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಪುಡಿ ಗೀರು ಎಳೆಯುತ್ತದೆ. ಪ್ರೂಫ್ ನಾಣ್ಯ, ಅಂದರೆ ಸಂಗ್ರಹಕಾರರಿಗೆಂದೇ ವಿಶೇಷ ಹೊಳಪು ಕೊಟ್ಟು ಟಂಕಿಸಿದ್ದು, ಆದರಂತೂ ಕನ್ನಡಿಯಂಥ ಆ ಹೊಳಪು ಒಮ್ಮೆ ಹೋದರೆ ಹೋಯಿತು, ಮತ್ತೆ ಬರುವುದಿಲ್ಲ. ಸಂಗ್ರಹಕಾರರು ಉಜ್ಜಿದ ನಾಣ್ಯವನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಇದು ಅಪ್ಪಟ ಬೆಳ್ಳಿಯೂ ಅಲ್ಲ. ಬೆಳ್ಳಿ ಶೇಕಡ 50, ತಾಮ್ರ 40, ನಿಕ್ಕಲ್ 5, ಸತು 5. ತಾಮ್ರ ಇಷ್ಟಿರುವುದರಿಂದ ಬೇಗ ಬಣ್ಣ ಬದಲಾಗುತ್ತದೆ. ಹಾಗೆ ನಿಧಾನವಾಗಿ ಕೂರುವ ಮಬ್ಬು ನನಗೆ ಇಷ್ಟ. ಅದನ್ನು ಅಳಿಸುವ ಆಸೆಯೇ ಬರಬಾರದು.

ಕೊಳ್ಳುವಾಗ ತೂಕ ಹಾಕಿಸಿ, 35 ಗ್ರಾಂ ಇರಬೇಕು. ಅಗಲ 44 ಮಿಲಿಮೀಟರ್. ಆಯಸ್ಕಾಂತಕ್ಕೆ ಅಂಟಿಕೊಂಡರೆ ಅಲ್ಲೇ ಬಿಟ್ಟು ಬನ್ನಿ. ಟಂಕಸಾಲೆಯ ಡಬ್ಬಿ, ಕಾರ್ಡು ಜೊತೆಗಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ಹಿಡಿಯುವಾಗ ಅಂಚು ಮಾತ್ರ ಮುಟ್ಟಿ. ಬೆರಳಿನ ಬೆವರು ಕೂತ ಜಾಗದಲ್ಲಿ ಆಮೇಲೆ ಕಲೆ ಏಳುತ್ತದೆ. ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಂಡಿರಿ, ಜಾರಿ ಬಿದ್ದರೂ ಅಂಚು ಜಜ್ಜುವುದಿಲ್ಲ.

ಇಡಲು 44 ಮಿಲಿಮೀಟರ್ ಅಳತೆಯ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ತನ್ನಿ. ಮೆತ್ತಗಿರುವ ಪಿವಿಸಿ ಪೌಚು ಅಗ್ಗಕ್ಕೆ ಸಿಗುತ್ತದೆ, ಆದರೆ ವರ್ಷ ಕಳೆದಂತೆ ಅಂಟಂಟಾಗಿ ನಾಣ್ಯದ ಮೇಲೆ ಹಸಿರು ಕಲೆ ಬಿಡುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆಯ ಹತ್ತಿರವೂ ಬೇಡ. ಅವುಗಳಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮಳೆಗಾಲಕ್ಕೆ ಒಂದು ಸಿಲಿಕಾ ಜೆಲ್ ಪೊಟ್ಟಣ ಸಾಕು.

ವರಮಹಾಲಕ್ಷ್ಮಿ ಹಬ್ಬದಲ್ಲಿ ಕಳಶದೊಳಗೆ ಬೆಳ್ಳಿ ನಾಣ್ಯ ಹಾಕುವ ಪದ್ಧತಿ ಅನೇಕ ಮನೆಗಳಲ್ಲಿದೆ ಅಲ್ವಾ? ಅದಕ್ಕೆ ಅಂಗಡಿಯ ಲಕ್ಷ್ಮಿ ನಾಣ್ಯ ಇರಲಿ. ಠಾಗೋರರನ್ನು ಪೂಜೆಗೆ ಇಡಲೇಬೇಕು ಅಂದರೆ ಕ್ಯಾಪ್ಸೂಲ್ ಸಮೇತ ಇಡಿ, ಅರಿಶಿನ ಕುಂಕುಮ ಮುಚ್ಚಳದ ಮೇಲೇ ಹಚ್ಚಿ.

ಮಾರುವ ಸಂದರ್ಭ ಬಂದರೆ ಸೀದಾ ಚಿನಿವಾರರ ಅಂಗಡಿಗೆ ಹೋಗಬೇಡಿ. ಅವರು ಒಳಗಿರುವ 17.5 ಗ್ರಾಂ ಬೆಳ್ಳಿಗೆ ಲೆಕ್ಕ ಹಾಕುತ್ತಾರೆ, ಕರಗಿಸಲೂಬಹುದು. ನಾಣ್ಯ ಸಂಗ್ರಹಿಸುವವರನ್ನೇ ಹುಡುಕಿ, ಡಬ್ಬಿ ಕಾರ್ಡು ಸಮೇತ ತೋರಿಸಿ.